ಪಕ್ಕದ ಬೋರು, ಪಕ್ಕದ ಪ್ಯಾಚು

ಪ್ರಶ್ನೆ: ನನ್ನ ಊರು ಗೌರಿಬಿದನೂರು. ಚಿಕ್ಕಬಳ್ಳಾಪುರದ ಹತ್ತಿರ ಎಂಜಿನಿಯರಿಂಗ್ ಕೊನೆ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ 2.45 ಗಿಗಾಹರ್ಟ್ಸ್‌ನ ನಾಲ್ಕು ಪ್ಯಾಚ್ ಆ್ಯಂಟೆನಾಗಳ (ಬೋರ್ಡಿನ ಮೇಲೆ ಚಪ್ಪಟೆಯಾಗಿ ಕೂರುವ ತಾಮ್ರದ ತುಂಡುಗಳು) ಅರೇ, ಅಂದರೆ ಒಟ್ಟಾಗಿ ದುಡಿಯುವ ಸಾಲು, ಮಾಡಿದ್ದೇನೆ. ಬೋರ್ಡು 1.6 ಮಿ.ಮೀ. ದಪ್ಪದ ಎಫ್‌ಆರ್-4, ಮಾಮೂಲಿ ಸರ್ಕಿಟ್ ಬೋರ್ಡು. ಒಂದೊಂದು ಪ್ಯಾಚ್ 38 ಮಿ.ಮೀ. ಅಗಲ, 29 ಮಿ.ಮೀ. ಉದ್ದ. ಮಧ್ಯದಿಂದ ಮಧ್ಯಕ್ಕೆ ಅಂತರ 45 ಮಿ.ಮೀ. ಒಂದೇ ಪ್ಯಾಚ್ ಮಾಡಿ ಅಳೆದಾಗ ಎಸ್11 (ಕೊಟ್ಟ ಅಲೆಯಲ್ಲಿ ವಾಪಸ್ ಬರುವ ಪಾಲು) ಚೆನ್ನಾಗಿ -20 ಡಿಬಿ ಬಂದಿತ್ತು. ನಾಲ್ಕನ್ನೂ ಒಂದೇ ಬೋರ್ಡಿನಲ್ಲಿ ಮಾಡಿದ ಮೇಲೆ ಅಕ್ಕಪಕ್ಕದವುಗಳ ನಡುವೆ ಎಸ್21 (ಒಂದರಿಂದ ಇನ್ನೊಂದಕ್ಕೆ ಸೋರುವ ಪಾಲು) -12 ಡಿಬಿ ತೋರಿಸುತ್ತಿದೆ. ಗೇನ್ (ಶಕ್ತಿಯನ್ನು ಒಂದೇ ದಿಕ್ಕಿಗೆ ಕಳಿಸುವ ಬಲ) 6 ಡಿಬಿ ಏರಬೇಕಿತ್ತು, 4ರ ಹತ್ತಿರ ನಿಂತುಬಿಟ್ಟಿದೆ. ಎಸ್21 ಅನ್ನು -20ಕ್ಕೆ ಇಳಿಸಿಕೊಂಡು ಬನ್ನಿ ಎಂದು ಗೈಡ್ ಹೇಳಿದ್ದಾರೆ. ಈ ಸೋರಿಕೆ ತಡೆಯುವ ಉಪಾಯಗಳು ಇಬಿಜಿ, ಡಿಜಿಎಸ್, ಮೆಟಾಮಟೀರಿಯಲ್ ಅಂತ ಏನೇನೋ ಓದಿದೆ. ಇವುಗಳಲ್ಲಿ ಯಾವುದನ್ನು ಹಾಕಲಿ?

ಉತ್ತರ: ಸದ್ಯಕ್ಕೆ ಯಾವುದನ್ನೂ ಹಾಕಬೇಡಿ. ಮೊದಲು ಆ 45 ಮಿ.ಮೀ. ಎಲ್ಲಿಂದ ಬಂತು ಅಂತ ಯೋಚಿಸಿ.

ನೀವು ಕಳಿಸಿದ ಫೋಟೋ ನೋಡಿದೆ. ಬೋರ್ಡು 20 ಸೆಂ.ಮೀ. ಉದ್ದ ಇರುವ ಹಾಗೆ ಕಾಣುತ್ತದೆ, ಎರಡೂ ತುದಿಯಲ್ಲಿ ಒಂದು ಸೆಂಟಿಮೀಟರ್ ಚಿಲ್ಲರೆ ಜಾಗ ಮಿಕ್ಕಿದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಕ್ಕ ತಾಮ್ರದ ಬೋರ್ಡಿಗೆ ನಾಲ್ಕು ಪ್ಯಾಚ್ ಹೇಗೋ ಹೊಂದಿಸಿದ್ದೀರಿ ಅಂತ ನನ್ನ ಊಹೆ. ತರಂಗಾಂತರ ತೀರ್ಮಾನಿಸಬೇಕಾದ ಅಂತರವನ್ನು ಅಂಗಡಿಯವನ ಬೋರ್ಡು ತೀರ್ಮಾನಿಸಿದೆ. ಬೇಜಾರು ಮಾಡಿಕೊಳ್ಳಬೇಡಿ, ನನ್ನ ಮೊದಲ ಅರೇ ಕೂಡ ಹೀಗೇ ಆಗಿತ್ತು.

ನಿಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಚಿಕ್ಕಬಳ್ಳಾಪುರ, ಕೋಲಾರದಲ್ಲಿ ಬೋರ್‌ವೆಲ್ ಜಗಳ ನೋಡದವರು ಯಾರಿದ್ದಾರೆ? ನಿಮ್ಮ ತೋಟದ ಬೋರು ಚೆನ್ನಾಗಿ ನೀರು ಕೊಡುತ್ತಿರುತ್ತದೆ. ಬದುವಿನ ಆಚೆ ಪಕ್ಕದವರು ಇನ್ನೊಂದು ಕೊರೆಸುತ್ತಾರೆ. ಅವರು ಮೋಟರ್ ಹಾಕಿದಾಗೆಲ್ಲ ನಿಮ್ಮ ಬೋರಿನಲ್ಲಿ ನೀರು ಇಳಿಯುತ್ತದೆ. ಕೊಳವೆ ಆರೂವರೆ ಇಂಚು ಇರಬಹುದು, ಆದರೆ ಅದು ನೀರು ಎಳೆಯುವುದು ಸುತ್ತಲಿನ ಎಷ್ಟೋ ದೂರದಿಂದ. ಎರಡು ಬೋರಿನ ಆ ಜಾಗ ಒಂದರ ಮೇಲೊಂದು ಬಿದ್ದರೆ ಇಬ್ಬರಿಗೂ ಕಡಿಮೆ.

ಆ್ಯಂಟೆನಾನೂ ಹಾಗೇ. 2.45 ಗಿಗಾಹರ್ಟ್ಸ್‌ನಲ್ಲಿ ತರಂಗಾಂತರ 122 ಮಿ.ಮೀ. ಸಾಮಾನ್ಯ ಪ್ಯಾಚಿನ ಡೈರೆಕ್ಟಿವಿಟಿ (ನಷ್ಟ ಬಿಟ್ಟು ಲೆಕ್ಕ ಹಾಕಿದ ಗೇನ್) 6.5 ಡಿಬಿ ಅಂದುಕೊಳ್ಳಿ, ಅಂದರೆ ಸುಮಾರು 4.5 ಪಟ್ಟು. ಅದನ್ನು ತರಂಗಾಂತರದ ವರ್ಗದಿಂದ ಗುಣಿಸಿ, 4 ಪೈನಿಂದ ಭಾಗಿಸಿ. ಬರುವುದು 53 ಚದರ ಸೆಂಟಿಮೀಟರ್. ಇದನ್ನು ವೃತ್ತ ಮಾಡಿದರೆ ವ್ಯಾಸ 82 ಮಿ.ಮೀ. ಅಂದರೆ ನಿಮ್ಮ ಪ್ಯಾಚಿನ ತಾಮ್ರ 38 ಮಿ.ಮೀ. ಅಗಲ ಇದ್ದರೂ ಅದು ಅಲೆಯನ್ನು ಹಿಡಿಯುವುದು 82 ಮಿ.ಮೀ. ಅಗಲದ ಜಾಗದಿಂದ. ನೀವು 45 ಮಿ.ಮೀ.ಗೆ ಒಂದೊಂದು ಕೂರಿಸಿದ್ದೀರಿ. ಹೊಲಗಳು ಅರ್ಧಕ್ಕರ್ಧ ಒಂದರೊಳಗೊಂದು ಸೇರಿಕೊಂಡಿವೆ.

ಗೇನ್ ಯಾಕೆ 4ಕ್ಕೆ ನಿಂತಿತು ಅಂದಿರಲ್ಲ, ಒಂದು ಒರಟು ಲೆಕ್ಕ ಹಾಕೋಣ. ನಾಲ್ಕು ಪ್ಯಾಚು ಬಿಡಿಬಿಡಿಯಾಗಿದ್ದರೆ ಒಟ್ಟು ಅಗಲ 4 ಸಲ 82, ಅಂದರೆ 328. ನಿಮ್ಮಲ್ಲಿ ಇರುವುದು ಮೂರು ಅಂತರ ಸೇರಿ 135, ಜೊತೆಗೆ ತುದಿಗಳದ್ದು 82, ಒಟ್ಟು 217. ಮೂರರಲ್ಲಿ ಎರಡು ಪಾಲು. ಡಿಬಿಯಲ್ಲಿ 1.8 ಕಡಿಮೆ. ಆರರಲ್ಲಿ ಅದನ್ನು ಕಳೆಯಿರಿ, ನಾಲ್ಕರ ಹತ್ತಿರವೇ ಬರುತ್ತದೆ ಅಲ್ವಾ? ವೃತ್ತಗಳನ್ನು ಹೀಗೆ ಪಟ್ಟಿಯ ಹಾಗೆ ಕೂಡುವುದು ಶಾಸ್ತ್ರಬದ್ಧ ಅಲ್ಲ, ನಿಮ್ಮ ವರದಿಯಲ್ಲಿ ಬರೆಯಬೇಡಿ. ಆದರೆ ದಾರಿ ತೋರಿಸುತ್ತದೆ. ಈ ನಷ್ಟವನ್ನು ಯಾವ ಇಬಿಜಿಯೂ ವಾಪಸ್ ತರುವುದಿಲ್ಲ. ನೆಲದಲ್ಲಿ ಇಲ್ಲದ ನೀರನ್ನು ಯಾವ ಮೋಟರೂ ಎತ್ತುವುದಿಲ್ಲ.

ಇನ್ನೊಂದು ನಷ್ಟ ಇದೆ, ಅದು ನಿಮ್ಮ ಕೈಯಲ್ಲೇ ಇದೆ. ಎಸ್21 -12 ಡಿಬಿ ಅಂದರೆ ಒಂದು ಪ್ಯಾಚಿಗೆ ಕೊಟ್ಟ ವೋಲ್ಟೇಜ್ ಅಲೆಯಲ್ಲಿ ಕಾಲು ಭಾಗ, 0.25, ಪಕ್ಕದ ಪ್ಯಾಚಿನ ಪೋರ್ಟಿನಿಂದ, ಅಂದರೆ ಕೇಬಲ್ ಸೇರುವ ಬಾಯಿಂದ, ಹೊರಗೆ ಬರುತ್ತದೆ. ಎಸ್11 -20 ಅಂದರೆ 0.1 ತನ್ನ ಬಾಗಿಲಿಗೇ ವಾಪಸ್. ಈಗ ನಾಲ್ಕನ್ನೂ ಒಟ್ಟಿಗೆ ಓಡಿಸಿ. ನಡುವಿನ ಪ್ಯಾಚಿಗೆ ಎರಡೂ ಕಡೆ ನೆರೆಯವರು. ಅದರ ಪೋರ್ಟಿನಲ್ಲಿ ತನ್ನ 0.1, ಎಡಗಡೆಯಿಂದ 0.25, ಬಲಗಡೆಯಿಂದ 0.25 ಬಂದು ಸೇರುತ್ತವೆ. ಫೇಸ್, ಅಂದರೆ ಅಲೆಗಳ ಏರಿಳಿತದ ಹೊಂದಾಣಿಕೆ, ಕೈಕೊಟ್ಟು ಮೂರೂ ಕೂಡಿಕೊಂಡರೆ 0.6. ವರ್ಗ ಮಾಡಿದರೆ 0.36. ಕೊಟ್ಟ ಶಕ್ತಿಯಲ್ಲಿ 36 ಪರ್ಸೆಂಟ್ ವಾಪಸ್! ಒಂಟಿಯಾಗಿದ್ದಾಗ ಒಂದೇ ಪರ್ಸೆಂಟ್ ವಾಪಸ್ ಬರುತ್ತಿತ್ತು. ಫೇಸ್ ನಮ್ಮ ಕಡೆ ಇದ್ದರೆ ಒಂದನ್ನೊಂದು ಕಳೆದುಕೊಳ್ಳಲೂಬಹುದು, ಅದು ಅಂತರದ ಮೇಲೆ ನಿಂತಿದೆ. ಇದಕ್ಕೆ ಆ್ಯಕ್ಟಿವ್ ರಿಫ್ಲೆಕ್ಷನ್ ಅನ್ನುತ್ತಾರೆ. ಬೀಮನ್ನು ಆ ಕಡೆ ಈ ಕಡೆ ತಿರುಗಿಸುವ ಅರೇಗಳಲ್ಲಿ ಫೇಸ್ ಬದಲಾದ ಹಾಗೆ ಇದೂ ಬದಲಾಗುತ್ತದೆ. ಯಾವುದೋ ಒಂದು ಕೋನಕ್ಕೆ ಹೋದಾಗ ಎಲ್ಲವೂ ಕೂಡಿಕೊಂಡು ಅರೇ ಪೂರ್ತಿ ಕುರುಡಾಗುವುದೂ ಉಂಟು.

ಹಾಗಾಗಿ ಎಸ್21 ಒಂದನ್ನೇ ನೋಡುತ್ತಾ ಕೂರಬೇಡಿ. ಸಿಮ್ಯುಲೇಟರ್‌ನಲ್ಲಿ ನಾಲ್ಕೂ ಪೋರ್ಟಿಗೆ ಒಟ್ಟಿಗೆ ಸಮನಾಗಿ ಕೊಟ್ಟು, ಆಗ ಒಂದೊಂದು ಪೋರ್ಟಿನಲ್ಲಿ ಎಷ್ಟು ವಾಪಸ್ ಬರುತ್ತದೆ ನೋಡಿ. ಅದು ಚೆನ್ನಾಗಿ ಬರುವ ಹಾಗೆ ಇನ್‌ಸೆಟ್ ಫೀಡ್‌ನ (ಪ್ಯಾಚಿನ ಒಳಕ್ಕೆ ಹೋಗಿ ಸೇರುವ ಗೆರೆ) ಆಳವನ್ನು ಅರ್ಧ ಅರ್ಧ ಮಿಲಿಮೀಟರ್ ಬದಲಾಯಿಸಿ. ನಡುವಿನ ಎರಡಕ್ಕೆ ಒಂದು ಆಳ, ತುದಿಯ ಎರಡಕ್ಕೆ ಇನ್ನೊಂದು ಬರಬಹುದು. ಪ್ಯಾಚನ್ನು ಒಂಟಿಯಾಗಿ ಟ್ಯೂನ್ ಮಾಡಿ ಆಮೇಲೆ ಸಾಲಾಗಿ ನಿಲ್ಲಿಸುವುದು ಕಾಲೇಜಿನ ಕ್ರಮ. ಕೆಲಸದಲ್ಲಿ ನಾವು ಸಾಲಿನೊಳಗೇ ಟ್ಯೂನ್ ಮಾಡುತ್ತೇವೆ. ಕಪ್ಲಿಂಗ್, ಅಂದರೆ ಒಂದರಿಂದ ಇನ್ನೊಂದಕ್ಕೆ ಆಗುವ ಈ ಸೋರಿಕೆ, ಅಷ್ಟೇ ಇದ್ದರೂ ಪರವಾಗಿಲ್ಲ, ಅದನ್ನು ಲೆಕ್ಕದಲ್ಲಿ ಹಿಡಿದಿದ್ದರೆ ಸಾಕು.

ಈಗ ಇಬಿಜಿ ವಿಷಯ, ಅಂದರೆ ಪ್ಯಾಚುಗಳ ನಡುವೆ ಸಾಲುಸಾಲಾಗಿ ಕೂರಿಸುವ ತಾಮ್ರದ ಸಣ್ಣ ಕಣಗಳು. ಅದರ ಮುಖ್ಯ ಕೆಲಸ ಸರ್ಫೇಸ್ ವೇವ್ ತಡೆಯುವುದು, ಅಂದರೆ ಬೋರ್ಡಿನ ಡೈಎಲೆಕ್ಟ್ರಿಕ್ ಪದರದ ಒಳಗೇ ಹರಿದುಕೊಂಡು ಹೋಗುವ ಅಲೆ. ನಿಮ್ಮಲ್ಲಿ ಆ ಅಲೆ ಎಷ್ಟಿದೆ? ಬೋರ್ಡಿನ ದಪ್ಪ 1.6 ಮಿ.ಮೀ., ತರಂಗಾಂತರ 122. ನೂರಕ್ಕೆ ಒಂದು ಚಿಲ್ಲರೆ. ಇಷ್ಟು ತೆಳು ಬೋರ್ಡಿನಲ್ಲಿ ಸರ್ಫೇಸ್ ವೇವ್ ಬಹಳ ಬಡಕಲು. ಜೊತೆಗೆ ನಿಮ್ಮ ಫೋಟೋದಲ್ಲಿ ಫೀಡ್ ಕೆಳಗಿನಿಂದ ಬಂದಿದೆ, ಪ್ಯಾಚುಗಳು ಎಡಬಲಕ್ಕೆ ಸಾಲಾಗಿವೆ. ಇದು ಎಚ್-ಪ್ಲೇನ್ ಜೋಡಣೆ. ಆ ಅಲೆ ಜಾಸ್ತಿ ಹರಿಯುವುದು ಇ-ಪ್ಲೇನ್ ಕಡೆ, ಅಂದರೆ ಫೀಡ್ ಲೈನ್ ಹೋಗುವ ದಿಕ್ಕಿಗೆ. ನಿಮ್ಮ ಪಕ್ಕದ ಮನೆಗೆ ಹೋಗುವ ದಾರಿಯೇ ಅದಲ್ಲ. ನಿಮ್ಮಲ್ಲಿ ಸೋರುತ್ತಿರುವುದು ಹತ್ತಿರದ ಫೀಲ್ಡು. ಎರಡು ಪ್ಯಾಚಿನ ಅಂಚುಗಳ ನಡುವಿನ 7 ಮಿ.ಮೀ. ಸಂದಿಯನ್ನು ಅದು ನೇರವಾಗಿ ದಾಟುತ್ತಿದೆ.

ಆಮೇಲೆ ಜಾಗದ ಮಾತು. ನಾಯಿಕೊಡೆ ಆಕಾರದ ಇಬಿಜಿ ಕಣ 2.45 ಗಿಗಾಹರ್ಟ್ಸ್‌ಗೆ, ಈ ದಪ್ಪದ ಬೋರ್ಡಿನಲ್ಲಿ, ಒಂದೊಂದೂ ಸೆಂಟಿಮೀಟರ್ ದಾಟುತ್ತದೆ. ಕೆಲಸ ಮಾಡಬೇಕಾದರೆ ಎರಡು ಮೂರು ಸಾಲಾದರೂ ಬೇಕು. ಏಳು ಮಿಲಿಮೀಟರ್ ಸಂದಿಯಲ್ಲಿ ಎಲ್ಲಿ ಕೂರಿಸುತ್ತೀರಿ? ಅವಕ್ಕೆ ಜಾಗ ಮಾಡಿಕೊಡಲು ಪ್ಯಾಚುಗಳನ್ನು ದೂರ ಸರಿಸಿದರೆ, ಸರಿಸಿದ್ದರಿಂದಲೇ ಅರ್ಧ ಕೆಲಸ ಆಗಿಹೋಗಿರುತ್ತದೆ. ಇಬಿಜಿ ಹಾಕಿ ಇಷ್ಟು ಡಿಬಿ ಇಳಿಸಿದೆವು ಅನ್ನುವ ಲೆಕ್ಕ ಕಂಡರೆ, ಅದೇ ಅಂತರದಲ್ಲಿ ಇಬಿಜಿ ಇಲ್ಲದೆ ಎಷ್ಟಿತ್ತು ಅಂತ ಹುಡುಕಿ ನೋಡಿ. ದಪ್ಪ ಬೋರ್ಡು, ಹೆಚ್ಚಿನ ಡೈಎಲೆಕ್ಟ್ರಿಕ್, ಮಿಲಿಮೀಟರ್ ತರಂಗ, ಇ-ಪ್ಲೇನ್ ಸಾಲು ಇದ್ದ ಕಡೆ ಅದು ನಿಜವಾಗಿಯೂ ಒಳ್ಳೆಯ ಉಪಾಯ. ನಿಮ್ಮ ಕೇಸಿಗೆ ಅಲ್ಲ.

ಡಿಜಿಎಸ್ ಬಗ್ಗೆ ನನಗೆ ಸ್ವಂತ ಗಾಯ ಇದೆ. ಡಿಜಿಎಸ್ ಅಂದರೆ ಗ್ರೌಂಡ್ ಪ್ಲೇನಿನಲ್ಲಿ (ಬೋರ್ಡಿನ ಹಿಂಬದಿಯ ತಾಮ್ರ), ಎರಡು ಪ್ಯಾಚಿನ ನಡುವೆ, ಒಂದು ಸೀಳು ಹಾಕುವುದು. ಆ ಸೀಳು ಸರಿಯಾದ ಉದ್ದ ಇದ್ದರೆ ಅದೇ ಅನುರಣಿಸಿ ಈ ಕಡೆಯ ಕರೆಂಟು ಆ ಕಡೆಗೆ ಹೋಗದ ಹಾಗೆ ಹಿಡಿಯುತ್ತದೆ. ಖರ್ಚಿಲ್ಲ, ಎಚ್ಚಿಂಗ್ ಜೊತೆಗೇ ಆಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಎಂಟು ಪ್ಯಾಚಿನ ಪ್ಯಾನೆಲ್‌ಗೆ ಹೀಗೆ ಸೀಳು ಹಾಕಿದೆ. ಎಸ್21 -30ರ ಕೆಳಗೆ ಹೋಯಿತು. ಗ್ರಾಫ್ ಪ್ರಿಂಟ್ ಹಾಕಿ ಎಲ್ಲರಿಗೂ ತೋರಿಸಿದೆ. ಸಂಜೆ ತುಮಕೂರಿನ ರೈಲಿನಲ್ಲಿ ಸೀಟು ಸಿಗದೆ ನಿಂತುಕೊಂಡು ಬಂದರೂ ಕಾಲು ನೋಯಲಿಲ್ಲ. ಮಾರನೇ ವಾರ ಚೇಂಬರಿನಲ್ಲಿ ಪ್ಯಾಟರ್ನ್ (ಯಾವ ದಿಕ್ಕಿಗೆ ಎಷ್ಟು ಹೋಗುತ್ತದೆ ಅನ್ನುವ ಚಿತ್ರ) ತೆಗೆದರೆ ಮುಂದಿನ ಗೇನ್ ಒಂದೂವರೆ ಡಿಬಿ ಬಿದ್ದಿದೆ, ಹಿಂದಕ್ಕೆ ಹೊಸದಾಗಿ ಒಂದು ಲೋಬ್ ಎದ್ದು ನಿಂತಿದೆ. ಪಕ್ಕದ ಪ್ಯಾಚಿಗೆ ಹೋಗುತ್ತಿದ್ದ ಶಕ್ತಿ ಸೀಳಿನ ಮೂಲಕ ಹಿಂದಕ್ಕೆ ಹೋಗುತ್ತಿತ್ತು, ಅಷ್ಟೇ. ಸೀಳೇ ಒಂದು ಆ್ಯಂಟೆನಾ ಆಗಿಬಿಟ್ಟಿತ್ತು. ನಮ್ಮ ಹಿರಿಯ ಎಂಜಿನಿಯರ್ ಗ್ರಾಫನ್ನು ನೋಡಿ, "ಮಾರಾಯ, ನೀನು ಸೋರುವ ನಲ್ಲಿ ರಿಪೇರಿ ಮಾಡಿಲ್ಲ, ಪೈಪನ್ನು ಹಿತ್ತಲಿಗೆ ತಿರುಗಿಸಿದ್ದೀಯ" ಅಂದರು. ಆ ಪ್ರಿಂಟು ಈಗಲೂ ನನ್ನ ಹತ್ತಿರ ಇದೆ.

ಎಫ್‌ಆರ್-4ರಲ್ಲಿ ಇನ್ನೊಂದು ಮೋಸ ಇದೆ. ಅದರ ಲಾಸ್ ಟ್ಯಾಂಜೆಂಟ್, ಅಂದರೆ ಶಕ್ತಿ ನುಂಗುವ ಗುಣದ ಅಳತೆ, 0.02ರ ಆಸುಪಾಸು. ನಿಮ್ಮಂಥ ತೆಳು ಪ್ಯಾಚಿನಲ್ಲಿ ಕೊಟ್ಟ ಶಕ್ತಿಯ ಅರ್ಧದಷ್ಟು ಬೋರ್ಡಿನಲ್ಲೇ ಶಾಖವಾಗಿ ಹೋಗುತ್ತದೆ. ಶಾಖವಾಗಿ ಹೋದದ್ದು ಪಕ್ಕದ ಪೋರ್ಟಿಗೂ ಬರುವುದಿಲ್ಲ! ಹಾಗಾಗಿ ಕೆಟ್ಟ ಬೋರ್ಡು ಹಾಕಿದಷ್ಟೂ ಎಸ್21 ಚೆಂದ ಕಾಣುತ್ತದೆ. ಗೈಡ್‌ಗೆ -20 ತೋರಿಸುವುದೇ ಗುರಿಯಾದರೆ ಪ್ಯಾಚುಗಳ ಮೇಲೆ ಒದ್ದೆ ಬಟ್ಟೆ ಹಾಕಿ ಅಳೆದುಬಿಡಿ, ಇಳಿಯುತ್ತದೆ. ತಮಾಷೆಗೆ ಹೇಳಿದೆ, ಆದರೆ ಯಾವ ಉಪಾಯ ಹಾಕಿದರೂ ಹಾಕುವ ಮುಂಚೆ ಮತ್ತು ಹಾಕಿದ ಮೇಲೆ ಗೇನ್ ಎಷ್ಟು ಅಂತ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ. ಇನ್ನೊಂದು ಮಾತು. ಮುಂದೆ ಇದನ್ನೇ ಮೈಮೋ (ಒಂದೊಂದು ಆ್ಯಂಟೆನಾ ತನ್ನದೇ ಸಿಗ್ನಲ್ ಒಯ್ಯುವ ವ್ಯವಸ್ಥೆ) ಅಂತ ಬರೆಯುವ ಯೋಚನೆ ಇದ್ದರೆ, ಎಸ್-ಪ್ಯಾರಾಮೀಟರ್‌ಗಳಿಂದ ಇಸಿಸಿ (ಎರಡು ಆ್ಯಂಟೆನಾಗಳ ಪ್ಯಾಟರ್ನ್ ಎಷ್ಟು ಒಂದೇ ಥರ ಅನ್ನುವ ಅಳತೆ) ತೆಗೆಯುವ ಸೂತ್ರವನ್ನು ಎಫ್‌ಆರ್-4ಗೆ ಹಾಕಬೇಡಿ. ಆ ಸೂತ್ರ ನಷ್ಟವೇ ಇಲ್ಲದ ಆ್ಯಂಟೆನಾಗೆ ಮಾಡಿದ್ದು. ಪ್ಯಾಟರ್ನ್‌ನಿಂದ ಲೆಕ್ಕ ಹಾಕಿ.

ಪ್ಯಾಚುಗಳನ್ನು 90 ಡಿಗ್ರಿ ತಿರುಗಿಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೈಮೋಗೆ ಒಳ್ಳೆಯದು, ಕಪ್ಲಿಂಗ್ ಚೆನ್ನಾಗಿ ಇಳಿಯುತ್ತದೆ. ನಿಮ್ಮದು ನಾಲ್ಕೂ ಸೇರಿ ಒಂದೇ ಬೀಮ್ ಮಾಡುವ ಅರೇ. ಎರಡು ಅಡ್ಡ, ಎರಡು ಉದ್ದ ನಿಂತರೆ ಪೋಲರೈಸೇಶನ್, ಅಂದರೆ ಅಲೆ ಕಂಪಿಸುವ ದಿಕ್ಕು, ಬೇರೆಯಾಗಿ ಒಂದಕ್ಕೊಂದು ಕೂಡುವುದೇ ಇಲ್ಲ. ಎರಡು ಆ್ಯಂಟೆನಾ ನಡುವೆ ಗೆರೆ ಎಳೆದು ಉಲ್ಟಾ ಕರೆಂಟ್ ಕಳಿಸುವ ನ್ಯೂಟ್ರಲೈಸೇಶನ್ ಲೈನ್ ಕೂಡ ಫೋನಿನಂಥ ಇಕ್ಕಟ್ಟಿನ ಜಾಗದಲ್ಲಿ ಎರಡು ಆ್ಯಂಟೆನಾಗಳಿಗೆ ಸರಿ. ನಾಲ್ಕರ ಸಾಲಿಗೆ ತಲೆನೋವು.

ಈಗಿರುವ ಬೋರ್ಡನ್ನು ಎಸೆಯಬೇಡಿ, ಅದರ ಮೇಲೆ ಒಂದು ಪ್ರಯೋಗ ಮಾಡಬಹುದು. ತಾಮ್ರದ ಟೇಪು ತಗೊಳ್ಳಿ, ಹಿಂದೆ ಅಂಟು ಇರುವಂಥದ್ದು. ಎರಡು ಮಿಲಿಮೀಟರ್ ಅಗಲ, 40 ಮಿ.ಮೀ. ಉದ್ದದ ಪಟ್ಟಿ ಕತ್ತರಿಸಿ. ಎರಡನೇ ಮತ್ತು ಮೂರನೇ ಪ್ಯಾಚಿನ ನಡುವಿನ ಸಂದಿಯಲ್ಲಿ, ಸರಿಯಾಗಿ ಮಧ್ಯಕ್ಕೆ, ಫೀಡ್ ಲೈನಿನ ದಿಕ್ಕಿಗೇ ಉದ್ದವಾಗಿ ಅಂಟಿಸಿ. ಯಾವುದಕ್ಕೂ ಬೆಸುಗೆ ಹಾಕಬೇಡಿ, ಸುಮ್ನೆ ತೇಲುತ್ತಾ ಇರಲಿ. ವಿಎನ್‌ಎ (ಎಸ್11, ಎಸ್21 ಅಳೆಯುವ ಉಪಕರಣ) ಪರದೆಯಲ್ಲಿ ಆ ಎರಡರ ಎಸ್21 ನೋಡುತ್ತಾ ಹೊಸ ಬ್ಲೇಡಿನಿಂದ ಪಟ್ಟಿಯ ತುದಿಯನ್ನು ಒಂದೊಂದೇ ಮಿಲಿಮೀಟರ್ ಕತ್ತರಿಸಿ. ಗೆರೆಯಲ್ಲಿ ಒಂದು ತಗ್ಗು ಕಾಣಿಸುತ್ತದೆ. ಪಟ್ಟಿ ಗಿಡ್ಡ ಆದ ಹಾಗೆ ಆ ತಗ್ಗು ಮೇಲಿನ ಫ್ರೀಕ್ವೆನ್ಸಿ ಕಡೆಗೆ ಸರಿಯುತ್ತದೆ. ಬೋರ್ಡಿನ ಮೇಲಿನ ಅರ್ಧ ತರಂಗಾಂತರ 32ರಿಂದ 35 ಮಿ.ಮೀ. ಇರುತ್ತದೆ, ಆ ಹೊತ್ತಿಗೆ ತಗ್ಗು 2.45ರ ಹತ್ತಿರ ಬರಬೇಕು. ಪಟ್ಟಿ ಒಂದು ಪ್ಯಾಚಿನಿಂದ ಸ್ವಲ್ಪ ಹಿಡಿದುಕೊಂಡು, ಸೋರಿಕೆಗೆ ಉಲ್ಟಾ ಫೇಸಿನಲ್ಲಿ ಇನ್ನೊಂದಕ್ಕೆ ಕೊಡುತ್ತದೆ. ಎರಡೂ ಸೇರಿ ಸೊನ್ನೆಯ ಹತ್ತಿರ. ಅರ್ಧ ಗಂಟೆಯ ಕೆಲಸ, ವೈವಾದಲ್ಲಿ ಹೇಳಲು ಒಳ್ಳೆಯ ಕಥೆ. ಆದರೆ ತಗ್ಗು ಬಹಳ ಸಣ್ಣದು. ವೈಫೈ ಬ್ಯಾಂಡು 2400ರಿಂದ 2483.5 ಮೆಗಾಹರ್ಟ್ಸ್‌ವರೆಗೆ ಇದೆ. ಎರಡೂ ತುದಿಯಲ್ಲಿ ಎಷ್ಟು ಬರುತ್ತದೆ ಅಂತ ಓದಿಕೊಳ್ಳಿ, ತಗ್ಗಿನ ತಳವನ್ನು ಮಾತ್ರ ಅಲ್ಲ. ಪಟ್ಟಿ ಹಾಕಿದ ಮೇಲೆ ಎಸ್11 ಸರಿದಿರುತ್ತದೆ, ಅದನ್ನೂ ನೋಡಿ.

ಅಂದ ಹಾಗೆ, ಅಳೆಯುವಾಗ ಖಾಲಿ ಇದ್ದ ಎರಡು ಪೋರ್ಟಿಗೆ 50 ಓಮ್ ಟರ್ಮಿನೇಶನ್ ಹಾಕಿದ್ದಿರಾ? ಫೋಟೋದಲ್ಲಿ ಕಾಣಿಸುತ್ತಿಲ್ಲ. ತೆರೆದಿಟ್ಟರೆ ಆ ಪ್ಯಾಚಿಗೆ ಬಂದ ಅಲೆ ಪೋರ್ಟಿನ ತುದಿಗೆ ಬಡಿದು ವಾಪಸ್ ಬಂದು ಮತ್ತೆ ಎಲ್ಲರಿಗೂ ಹಂಚಿಕೆಯಾಗುತ್ತದೆ, ನಿಮ್ಮ -12 ನಂಬುವ ಹಾಗಿಲ್ಲ. ಇನ್ನೊಂದು ಪರೀಕ್ಷೆ: ಗೆರೆ ನೋಡುತ್ತಾ ಕೇಬಲನ್ನು ಕೈಯಲ್ಲಿ ಹಿಡಿಯಿರಿ. ಗೆರೆ ಅಲ್ಲಾಡಿದರೆ ಕೇಬಲಿನ ಹೊರಮೈಯಲ್ಲೂ ಕರೆಂಟು ಹರಿಯುತ್ತಿದೆ. ಕನೆಕ್ಟರಿನ ಗ್ರೌಂಡ್ ಕಾಲುಗಳ ಬೆಸುಗೆ ನೋಡಿ, ಕೇಬಲಿಗೆ ಫೆರೈಟ್ ಹಾಕಿ. ನ್ಯಾನೊವಿಎನ್‌ಎ ಬಳಸುತ್ತಿದ್ದರೆ ಅದು ನಿಜವಾಗಿ ಎಷ್ಟು ಗಿಗಾಹರ್ಟ್ಸ್‌ವರೆಗೆ ಹೋಗುತ್ತದೆ ಅಂತ ಮೊದಲು ನೋಡಿಕೊಳ್ಳಿ. ಶುರುವಿನಲ್ಲಿ ಬಂದ ಮಾಡೆಲ್‌ಗಳು 1.5ಕ್ಕೇ ನಿಲ್ಲುತ್ತವೆ.

ನಿಮ್ಮದು ಗೌರಿಬಿದನೂರು ಅಂದಿರಿ. ಈ ವಿಷಯಕ್ಕೆ ನಿಮ್ಮ ಊರಿಗಿಂತ ಒಳ್ಳೆಯ ಊರು ರಾಜ್ಯದಲ್ಲಿ ಇನ್ನೊಂದಿಲ್ಲ. ಅಲ್ಲಿನ ರೇಡಿಯೊ ವೀಕ್ಷಣಾಲಯವನ್ನು ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ 1976ರಿಂದ ಜೊತೆಯಾಗಿ ನಡೆಸಿಕೊಂಡು ಬಂದವು. ಅಲ್ಲಿನ ರೇಡಿಯೊ ದೂರದರ್ಶಕ ಅಂದರೆ ಇಂಗ್ಲಿಷ್ ಟಿ ಅಕ್ಷರದ ಆಕಾರದಲ್ಲಿ 1000 ಡೈಪೋಲ್ (ನೇರ ತಂತಿಯ ಆ್ಯಂಟೆನಾ), ಪೂರ್ವ-ಪಶ್ಚಿಮದ ತೋಳೇ 1.4 ಕಿ.ಮೀ., ಕೆಲಸ 34.5 ಮೆಗಾಹರ್ಟ್ಸ್‌ನಲ್ಲಿ. ಅಲ್ಲಿ ತರಂಗಾಂತರ 8.7 ಮೀಟರ್. ನಿಮ್ಮ 122 ಮಿ.ಮೀ. ಲೆಕ್ಕವನ್ನೇ 71 ಪಟ್ಟು ದೊಡ್ಡದು ಮಾಡಿ ಹೊಲದಲ್ಲಿ ಹರಡಿದ ಹಾಗೆ. ಅರ್ಧ ತರಂಗಾಂತರದ ಡೈಪೋಲ್ ಒಂಟಿಯಾಗಿದ್ದರೆ 73 ಓಮ್ ತೋರಿಸುತ್ತದೆ. ಅದರ ಪಕ್ಕಕ್ಕೆ, ಸಮಾನಾಂತರವಾಗಿ, ಅರ್ಧ ತರಂಗಾಂತರ ದೂರದಲ್ಲಿ ಅಂಥದ್ದೇ ಇನ್ನೊಂದು ನಿಲ್ಲಿಸಿ ಒಂದೇ ಫೇಸಿನಲ್ಲಿ ಓಡಿಸಿದರೆ 60ರ ಹತ್ತಿರ ಇಳಿಯುತ್ತದೆ. ತಂತಿ ಮುಟ್ಟಿಲ್ಲ, ಬದಲಾಗಿದ್ದು ನೆರೆ ಮಾತ್ರ. ತುದಿಗೆ ತುದಿ ಬರುವ ಹಾಗೆ ಒಂದೇ ಗೆರೆಯಲ್ಲಿ ಇಟ್ಟರೆ ಈ ಪರಿಣಾಮ ತುಂಬಾ ಕಡಿಮೆ. 1997ರಲ್ಲಿ ಅಲ್ಲೇ ಸೂರ್ಯನನ್ನು ನೋಡಲು ಶುರುವಾದ ರೇಡಿಯೊ ಹೀಲಿಯೋಗ್ರಾಫ್ 40ರಿಂದ 150 ಮೆಗಾಹರ್ಟ್ಸ್‌ವರೆಗೆ ಕೆಲಸ ಮಾಡುವಂಥದ್ದು. ತರಂಗಾಂತರ ಏಳೂವರೆ ಮೀಟರಿನಿಂದ ಎರಡು ಮೀಟರಿಗೆ ಇಳಿಯುತ್ತದೆ, ಕಂಬಗಳು ಮಾತ್ರ ನೆಟ್ಟಲ್ಲೇ ಇರುತ್ತವೆ. ಒಂದು ತುದಿಯಲ್ಲಿ ನೆರೆ ಹತ್ತಿರ, ಇನ್ನೊಂದು ತುದಿಯಲ್ಲಿ ದೂರ. ಆಸ್ಟ್ರೇಲಿಯಾದಲ್ಲಿ ಕಟ್ಟುತ್ತಿರುವ ಎಸ್‌ಕೆಎ-ಲೋ ರೇಡಿಯೊ ದೂರದರ್ಶಕದಲ್ಲಿ ಒಂದೊಂದು ಕೇಂದ್ರಕ್ಕೆ 256 ಆ್ಯಂಟೆನಾ. ಅವನ್ನು ಸಾಲಾಗಿ ನೆಡದೆ ಚೆಲ್ಲಾಪಿಲ್ಲಿಯಾಗಿ ನೆಡುತ್ತಾರೆ. ಎಲ್ಲರಿಗೂ ಒಂದೇ ಥರದ ನೆರೆ ಇದ್ದರೆ ತಪ್ಪುಗಳು ಒಂದೇ ದಿಕ್ಕಿಗೆ ಕೂಡಿಕೊಳ್ಳುತ್ತವೆ, ಚೆಲ್ಲಿದರೆ ಹರಡಿ ಹೋಗುತ್ತವೆ.

ಕಪ್ಲಿಂಗ್ ಅಂದರೆ ಬರೀ ಕೇಡು ಅಂತಲೂ ಅಂದುಕೊಳ್ಳಬೇಡಿ. ದೂರದರ್ಶನದ ಕಾಲದ ಮೀನಿನ ಮುಳ್ಳಿನಂಥ ಆ್ಯಂಟೆನಾ ಮಾಳಿಗೆ ಮೇಲೆ ಇನ್ನೂ ಉಳಿದಿದ್ದರೆ ಹತ್ತಿ ನೋಡಿ. ಕೇಬಲ್ ಸೇರುವುದು ಒಂದೇ ಕಡ್ಡಿಗೆ. ಮಿಕ್ಕ ಕಡ್ಡಿಗಳೆಲ್ಲ ಕಪ್ಲಿಂಗ್‌ನಿಂದಲೇ ದುಡಿಯುತ್ತವೆ. ಯಾಗಿ ಮತ್ತು ಉಡಾ 1926ರಲ್ಲೇ ಅದನ್ನು ಕೆಲಸಕ್ಕೆ ಹಚ್ಚಿದ್ದರು.

ಸರಿ, ಎರಡನೇ ಬೋರ್ಡು. ಅಂತರ 70 ಮಿ.ಮೀ. ಇಡಿ. ನನ್ನ ಒರಟು ಲೆಕ್ಕದಲ್ಲಿ ಗೇನ್ ಏರಿಕೆ ಐದೂವರೆ ಡಿಬಿಗೆ ಬರುತ್ತದೆ. ಅಂಚುಗಳ ನಡುವೆ 32 ಮಿ.ಮೀ. ಸಂದಿ ಸಿಗುತ್ತದೆ. ಎಚ್-ಪ್ಲೇನಿನಲ್ಲಿ ಇಷ್ಟು ಸಂದಿ ಇದ್ದರೆ -20 ಕೇಳದೆಯೇ ಬರುತ್ತದೆ, ಮೊದಲು ಸಿಮ್ಯುಲೇಶನ್ ಮಾಡಿ ನೋಡಿಕೊಳ್ಳಿ. ಓಪನ್‌ಇಎಂಎಸ್ ಉಚಿತವಾಗಿ ಸಿಗುತ್ತದೆ. ಬೀಮನ್ನು ಮುಂದೆ 45 ಡಿಗ್ರಿವರೆಗೆ ತಿರುಗಿಸಿದರೂ ಗ್ರೇಟಿಂಗ್ ಲೋಬ್, ಅಂದರೆ ಬೇಡದ ದಿಕ್ಕಿಗೆ ಇನ್ನೊಂದು ಬೀಮ್, ಬರದಿರಲು 71 ಮಿ.ಮೀ.ವರೆಗೆ ಹೋಗಬಹುದು, 70 ಅದರೊಳಗೇ ಇದೆ. ಮೂರು ಸಲ 70, ಒಂದು ಪ್ಯಾಚಿನ 38, ಎರಡೂ ತುದಿಗೆ ಒಂದೂವರೆ ಸೆಂಟಿಮೀಟರ್. 28 ಸೆಂ.ಮೀ. ಬೋರ್ಡು ಬೇಕು. 30 ಸೆಂ.ಮೀ.ದು ಕೇಳಿ ತಗೊಳ್ಳಿ. ಸಿಗದಿದ್ದರೆ ಎರಡು ತುಂಡು ಪಕ್ಕಪಕ್ಕ ಇಟ್ಟು, ಹಿಂದಿನ ಗ್ರೌಂಡನ್ನು ಕೂಡು ಗೆರೆಯ ಉದ್ದಕ್ಕೂ ತಾಮ್ರದ ಟೇಪು ಹಾಕಿ ಬೆಸೆಯಿರಿ. ಅಲ್ಲಲ್ಲಿ ಒಂದೊಂದು ಚುಕ್ಕೆ ಬೆಸುಗೆ ಹಾಕಿ ಬಿಟ್ಟರೆ ಆ ಕೂಡು ಗೆರೆ ನನ್ನ ಹಳೇ ಸೀಳಿನ ಕೆಲಸವನ್ನೇ ಮಾಡುತ್ತದೆ.